ಬೈಲು, ಮಜಲು, ಬೆಟ್ಟು: ಗದ್ದೆಯ ಹೆಸರಿನಲ್ಲಿ ಉಳಿದ ಚರಿತ್ರೆ



ತಮ್ಮ ಗದ್ದೆಗಳ ಹೆಸರು ತಮಗೆ ಗೊತ್ತಿದೆಯೇ? ಸರ್ವೆ ನಂಬರು ಪಹಣಿಯಲ್ಲಿ ಸಿಕ್ಕುತ್ತದೆ, ಅದನ್ನು ಬಿಡಿ. ತಮ್ಮ ಅಜ್ಜ ಅಜ್ಜಿಯರು ಒಂದೊಂದು ಗದ್ದೆಯನ್ನೂ ಒಂದೊಂದು ಹೆಸರಿನಿಂದ ಕರೆಯುತ್ತಿದ್ದರಲ್ಲ, ಆ ಹೆಸರು. ಬಾಕಿಮಾರು, ಕಂಬಳ ಗದ್ದೆ, ಪೂಕರೆ ಗದ್ದೆ, ಇಂಥವು. ಈ ಪ್ರಶ್ನೆಯನ್ನು ನಾನು ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಕಡೆಯ ರೈತರನ್ನು ಕೇಳಲು ತೊಡಗಿ ಬಹಳ ವರ್ಷವಾಯಿತು. ಕೇಳಲು ಕಾರಣವಾದದ್ದು ನನ್ನದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಹುಟ್ಟಿ ಬೆಳೆದದ್ದು ತುಮಕೂರಿನ ಕಡೆ. ನಮ್ಮಲ್ಲಿ ಬಯಲು ಎಂದರೆ ಮರಗಿಡವಿಲ್ಲದ ವಿಶಾಲವಾದ ಒಣ ನೆಲ. ಬೆಟ್ಟ ಎಂದರೆ ಬೆಟ್ಟವೇ. ಕೆಲಸಕ್ಕೆ ಸೇರಿ ಕರಾವಳಿಗೆ ಬಂದ ಹೊಸತರಲ್ಲಿ, ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯ ಬದಿಯ ಒಂದು ಹಳ್ಳಿಯಲ್ಲಿ ಭತ್ತದ ಪ್ರಾತ್ಯಕ್ಷಿಕೆ ಏರ್ಪಡಿಸಬೇಕಾಗಿತ್ತು. ಒಂದು ಸಮತಟ್ಟಾದ, ಅಚ್ಚುಕಟ್ಟಾದ ಗದ್ದೆಯನ್ನು ಆರಿಸಿದೆ. ಸುಮಾರು 135 ದಿನಗಳಲ್ಲಿ ಕೊಯ್ಲಿಗೆ ಬರುವ ತಳಿಯನ್ನು ಶಿಫಾರಸು ಮಾಡಿದೆ. ಗದ್ದೆಯ ಯಜಮಾನರು ಎಪ್ಪತ್ತು ದಾಟಿದ ಹಿರಿಯರು. ಅವರು ಮೆಲ್ಲನೆ, “ಸಾರ್, ಇದರ ಹೆಸರಿನಲ್ಲಿ ಬೆಟ್ಟು ಉಂಟು. ಅಷ್ಟು ದಿನದ ಬೆಳೆ ಇಲ್ಲಿ ನಿಲ್ಲುವುದು ಕಷ್ಟ ಮಾರಾಯ್ರೆ” ಎಂದರು. ನಾನು ಸುತ್ತ ಕಣ್ಣು ಹಾಯಿಸಿದೆ. ಬೆಟ್ಟ ಎಲ್ಲಿಯೂ ಕಾಣಲಿಲ್ಲ. ಹೆಸರಿನಿಂದ ಬೆಳೆ ಬರುವುದಿಲ್ಲ ಎಂದು ನಕ್ಕೆ.

ಆ ವರ್ಷ ಸೆಪ್ಟೆಂಬರ್ ನಡುವಿಗೆ ಮಳೆ ಕೈಕೊಟ್ಟಿತು. ಪೈರು ತೆನೆ ಹೊರಡಿಸುವ ಹೊತ್ತಿಗೆ ಗದ್ದೆ ಬಿರುಕು ಬಿಟ್ಟಿತು. ಕೆಳಗಿನ ಗದ್ದೆಗಳಲ್ಲಿ ನೀರು ಇನ್ನೂ ಹರಿಯುತ್ತಿತ್ತು. ನನ್ನ ಪ್ರಾತ್ಯಕ್ಷಿಕೆಯ ಗದ್ದೆಯಲ್ಲಿ ಅರ್ಧಕ್ಕರ್ಧ ಜೊಳ್ಳು. ಹಿರಿಯರು ಒಂದು ಮಾತೂ ಆಡಲಿಲ್ಲ. ಬಿಸಿಲಲ್ಲಿ ಬಂದಿದ್ದೀರಿ, ಗಂಜಿ ಊಟ ಮಾಡಿ ಹೋಗಿ ಎಂದರು. ಊಟಕ್ಕೆ ಕುಳಿತಾಗ ನಾನೇ ಕೇಳಿದೆ, ಬೆಟ್ಟು ಎಂದರೆ ಏನು ಎಂದು.

ಹೆಸರಿನಲ್ಲಿರುವ ಮಣ್ಣು

ತುಳುನಾಡಿನ ರೈತರಿಗೆ ಇದು ತಿಳಿದ ವಿಷಯವೇ. ಆದರೂ ಹೊಸ ತಲೆಮಾರಿಗಾಗಿ ಬರೆಯುತ್ತೇನೆ. ಎರಡು ಗುಡ್ಡಗಳ ನಡುವಿನ ತಗ್ಗು ನೆಲ ಬೈಲು. ಇಲ್ಲಿ ನೀರು ಬಹುಕಾಲ ನಿಲ್ಲುತ್ತದೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗೂ ಅವಕಾಶವುಂಟು. ಅದಕ್ಕಿಂತ ಮೇಲಿನದು ಮಜಲು. ತೋಡಿನ ನೀರು ಸಿಕ್ಕುವವರೆಗೆ ಎರಡು ಬೆಳೆ. ಗುಡ್ಡದ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮಾಡಿದ ಮೇಲಿನ ಗದ್ದೆ ಬೆಟ್ಟು. ಇದು ಮಳೆಯನ್ನೇ ನಂಬಿದ್ದು, ಏಣೆಲು ಒಂದೇ ಬೆಳೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಮೂರು ಬಗೆಯ ನೆಲವನ್ನೂ ಇದೇ ಹೆಸರುಗಳಲ್ಲಿ ದಾಖಲೆ ಮಾಡಿದ್ದಾನೆ. ಎಂದರೆ, ನಾನು ಕಾಲೇಜಿನಲ್ಲಿ ಕಲಿಯದ ಪಾಠ ಇನ್ನೂರು ವರ್ಷ ಹಿಂದೆಯೇ ಪುಸ್ತಕದಲ್ಲಿ ಅಚ್ಚಾಗಿತ್ತು.

ಈ ವಿಂಗಡಣೆ ಇಂದಿನ ಬೇಸಾಯಶಾಸ್ತ್ರಕ್ಕೆ ಸರಿಯಾಗಿ ಹೊಂದುತ್ತದೆ. ಬೆಟ್ಟು ಗದ್ದೆಯ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಪೊಟ್ಯಾಷ್ ಮಳೆಯೊಡನೆ ತೊಳೆದುಹೋಗುತ್ತದೆ. ಅಲ್ಲಿಗೆ ಅಲ್ಪಾವಧಿ ತಳಿಯೇ ಲೇಸು. ಬೈಲಿನಲ್ಲಿ ಕಷ್ಟ ಬೇರೆ. ಗುಡ್ಡದಿಂದ ಬಸಿದು ಬಂದ ಕಬ್ಬಿಣದ ಅಂಶ ನಿಂತ ನೀರಿನಲ್ಲಿ ಕರಗಿ ಪೈರಿನ ಎಲೆಗಳು ಕಂಚಿನ ಬಣ್ಣಕ್ಕೆ ತಿರುಗುತ್ತವೆ. ಅಲ್ಲಿ ನೀರನ್ನು ಆಗಾಗ ಬಸಿಯುವುದು, ಸುಣ್ಣ ಮತ್ತು ಪೊಟ್ಯಾಷ್ ಕೊಡುವುದು ಅಗತ್ಯ.

ಊರುಗಳ ಹೆಸರನ್ನೂ ಹೀಗೆಯೇ ಓದಬಹುದು. ಮೂಡುಬಿದಿರೆಯ ಬಳಿ ಕಲ್ಲಬೆಟ್ಟು ಇದೆ, ಬಂಟ್ವಾಳ ತಾಲ್ಲೂಕಿನಲ್ಲಿ ಪಣೋಲಿಬೈಲು ಇದೆ. ವಾಮದಪದವು, ಬೆಂಜನಪದವು ಎಂಬಲ್ಲಿ ಪದವು ಎಂದರೆ ಗುಡ್ಡದ ತಲೆಯ ಮೇಲಿನ ಮುರಕಲ್ಲಿನ ಮಟ್ಟಸ ನೆಲ. ಕಲ್ಲಡ್ಕ, ಅಡ್ಯನಡ್ಕಗಳ ಅಡ್ಕವೂ ಬೇಸಾಯಕ್ಕೆ ಒಳಪಡದ ಬಯಲು ಜಾಗವೇ. ಕುಮೇರು ಎಂಬ ಹೆಸರು ಕಂಡಲ್ಲಿ ಹಿಂದೆ ಕಾಡು ಕಡಿದು ಸುಟ್ಟು ಬಿತ್ತುತ್ತಿದ್ದರು ಎಂದು ತಿಳಿಯಬೇಕು. ಇನ್ನು ದಿಕ್ಕುಗಳು: ಮೂಡುಮಾರ್ನಾಡು, ಪಡುಮಾರ್ನಾಡು, ಸಜಿಪಮೂಡ, ಸಜಿಪನಡು, ಸಜಿಪಪಡು. ಮೂಡುಬಿದಿರೆಯೇ ಮೂಡಣ ದಿಕ್ಕಿನ ಬಿದಿರಿನ ಊರು. ಬೆಳ್ತಂಗಡಿ, ಅಳದಂಗಡಿ, ಉಪ್ಪಿನಂಗಡಿಗಳು ಘಟ್ಟದ ಕೆಳಗಿನ ವ್ಯಾಪಾರದ ದಾರಿಯನ್ನು ಹೇಳುತ್ತವೆ. ಘಟ್ಟದಿಂದ ಇಳಿದ ಸರಕು ಬಂಟ್ವಾಳಕ್ಕೆ ಬಂದು, ಅಲ್ಲಿಂದ ನೇತ್ರಾವತಿಯಲ್ಲಿ ದೋಣಿಯ ಮೇಲೆ ಮಂಗಳೂರಿಗೆ ಸಾಗುತ್ತಿತ್ತು.

ಗದ್ದೆಯ ಅಳತೆಯೂ ಹೆಸರಿನಲ್ಲೇ ಇತ್ತು. ಒಂದು ಮುಡಿ ಗದ್ದೆ ಎಂದರೆ ಒಂದು ಮುಡಿ ಬೀಜ ಹಿಡಿಯುವ ಗದ್ದೆ. ಮುಡಿಗೆ ಮೂರು ಕಳಸೆ, 42 ಸೇರು. ಎಕರೆ ಸೆಂಟ್ಸುಗಳ ಲೆಕ್ಕ ನೆಲದ ಅಗಲವನ್ನಷ್ಟೇ ಹೇಳುತ್ತದೆ. ಮುಡಿಯ ಲೆಕ್ಕ ಕೇಳಿದವನಿಗೆ ಬಿತ್ತನೆಯ ಪ್ರಮಾಣವೂ ತಿಳಿಯುತ್ತಿತ್ತು.

ಕಂಬಳ ಗದ್ದೆಯ ಜಗಳ

ಈ ಕಣಿವೆಗಳಲ್ಲಿ ಇತಿಹಾಸವನ್ನು ಕಾಪಾಡಿದವರಲ್ಲಿ ನೇಜಿ ನೆಡುವ ಹೆಂಗಸರಿಗೆ ದೊಡ್ಡ ಪಾಲು ಸಲ್ಲಬೇಕು. ಸಾಲು ಹಿಡಿದು ನೆಡುತ್ತ ಅವರು ಹೇಳುತ್ತಿದ್ದ ಪಾಡ್ದನಗಳು ಅರಸರ ಶಾಸನಗಳಲ್ಲಿ ಬಾರದ ಸಂಗತಿಗಳನ್ನು ಉಳಿಸಿವೆ. ಕೋಟಿ ಚೆನ್ನಯರ ಕಥೆಯನ್ನೇ ತೆಗೆದುಕೊಳ್ಳಿ. ಅವಳಿ ವೀರರೆಂದು ಗರಡಿಗಳಲ್ಲಿ ಅವರನ್ನು ಪೂಜಿಸುತ್ತೇವೆ. ಆದರೆ ಅವರ ಬಾಳನ್ನು ತಿರುಗಿಸಿದ ಜಗಳ ಯಾವುದು? ಪಡುಮಲೆಯಲ್ಲಿ ನೆರೆಯ ಬುದ್ಯಂತನೊಡನೆ ಕಂಬಳ ಗದ್ದೆಯ ಬಿತ್ತನೆಯ ದಿನ ಮತ್ತು ಗದ್ದೆಯ ನೀರಿನ ಬಗ್ಗೆ ಎದ್ದ ಜಗಳ. ಮೇಲಿನ ಗದ್ದೆಯವನು ನೀರು ಬಿಟ್ಟರೆ ಕೆಳಗಿನವನ ಬಿತ್ತಿದ ಬೀಜ ಕೊಚ್ಚಿಹೋಗುತ್ತದೆ. ಬೈಲಿನಲ್ಲಿ ಬೇಸಾಯ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದೂ ಪೋಲೀಸು ಠಾಣೆಗೆ ಬರುವ ಎಷ್ಟೋ ದೂರುಗಳ ಮೂಲ ಇದೇ.

ಇದೇ ಜೋಡಿಯ ಹೆಸರಿನಲ್ಲಿ ಮೂಡುಬಿದಿರೆಯ ಕಡಲಕೆರೆಯಲ್ಲಿ ಜೋಡುಕೆರೆ ಕಂಬಳ ನಡೆಯುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕಂಬಳಕ್ಕೆ ತಡೆ ಬಂದು, 2017ರಲ್ಲಿ ರಾಜ್ಯ ತಿದ್ದುಪಡಿ ತಂದು, 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿದದ್ದು ತಮಗೆ ತಿಳಿದಿದೆ. ಆ ವಾದವಿವಾದ ಇಲ್ಲಿ ಬೇಡ. ನನಗೆ ಕುತೂಹಲ ಹುಟ್ಟಿಸಿದ್ದು ಓಟದ ವಿಭಾಗಗಳ ಹೆಸರು: ನೇಗಿಲು, ಹಗ್ಗ, ಅಡ್ಡಹಲಗೆ, ಕೆನೆಹಲಗೆ. ನೇಗಿಲು ಮತ್ತು ಹಲಗೆ ಕೆಸರು ಗದ್ದೆ ಹದಮಾಡುವ ಉಪಕರಣಗಳೇ. ಹಲಗೆಯಿಂದ ಕೆಸರನ್ನು ಚೆನ್ನಾಗಿ ತೀಡಿದರೆ ಮಣ್ಣಿನ ಸಣ್ಣ ರಂಧ್ರಗಳು ಮುಚ್ಚಿ ನೀರು ಇಂಗುವುದು ಕಡಿಮೆಯಾಗುತ್ತದೆ, ಕಳೆಯೂ ಅಡಗುತ್ತದೆ. ಮನೆತನದ ಅತಿ ದೊಡ್ಡ ಗದ್ದೆಯನ್ನು ಹೀಗೆ ಊರಿನ ಕೋಣಗಳೆಲ್ಲ ಸೇರಿ ಹದಮಾಡಿ, ಕೆಲವೆಡೆ ನಡುವೆ ಅಡಿಕೆ ಮರದ ಪೂಕರೆ ನೆಟ್ಟು, ಬಳಿಕ ಬೇಸಾಯಕ್ಕೆ ಬಿಡುತ್ತಿದ್ದರು.

ಆಚರಣೆಗಳೆಲ್ಲಕ್ಕೂ ವಿಜ್ಞಾನದ ಅಂಗಿ ತೊಡಿಸುವ ಚಪಲ ಈಗ ಹೆಚ್ಚಾಗಿದೆ. ಅದು ನನಗೆ ಒಪ್ಪಿಗೆಯಿಲ್ಲ. ಬೇಶ ತಿಂಗಳ ಹತ್ತನೆಯ ದಿನ, ಸುಮಾರು ಮೇ 24ಕ್ಕೆ ಬರುವ ಪತ್ತನಾಜೆಗೆ ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಊರಿನ ಕೈಗಳೆಲ್ಲ ಗದ್ದೆಗೆ ಇಳಿಯಬೇಕಾದ ಹೊತ್ತು ಅದು. ಈ ಸಂಬಂಧ ಸ್ಪಷ್ಟ. ಫೆಬ್ರವರಿಯ ಕೆಡ್ಡಸದಲ್ಲಿ ಭೂಮಿತಾಯಿ ಮುಟ್ಟಾದಳೆಂದು ನೆಲ ಅಗೆಯದೆ, ಹಸಿ ಕಡಿಯದೆ, ನನ್ನೆರಿ ಹಂಚಿ ತಿನ್ನುತ್ತಾರೆ. ಇದರಿಂದ ಮಣ್ಣಿನ ಫಲವತ್ತತೆ ಹೆಚ್ಚುತ್ತದೆಂದು ನಾನು ಹೇಳಲಾರೆ. ದುಡಿಯುವ ನೆಲವನ್ನು ಹೆಣ್ಣೆಂದು ಬಗೆದು ಅವಳಿಗೆ ವಿಶ್ರಾಂತಿ ಕೊಟ್ಟ ಜನರ ಮನಸ್ಸು ದೊಡ್ಡದು, ಅಷ್ಟು ಸಾಕು.

ಪಾಡ್ದನವೂ ಶಾಸನವೂ ಎಲ್ಲ ಕಡೆ ತಾಳೆಯಾಗುವುದಿಲ್ಲ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲನ್ನು ಅರಸು ಕಡಿಸಿದನೆಂದೂ, ಉಳಿದ ಒಂದು ಕೈ ಒಂದು ಕಾಲಿನಲ್ಲೇ ಅವನು ವೇಣೂರಿನ ಮೂರ್ತಿಯನ್ನು ಕಡೆದನೆಂದೂ ಜನ ಹೇಳುತ್ತಾರೆ. ಕಾರ್ಕಳದ ಮೂರ್ತಿ 1432ರದು. ಫಲ್ಗುಣಿಯ ದಡದ ವೇಣೂರಿನದು 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು. ನಡುವೆ 172 ವರ್ಷ. ಇಸವಿ ತಪ್ಪಿರಬಹುದು, ದುಡಿದವನಿಗೆ ಸಿಕ್ಕ ಕೂಲಿಯ ಬಗ್ಗೆ ಜನರ ನೆನಪು ತಪ್ಪಿದೆಯೆಂದು ನನಗೆ ತೋರುವುದಿಲ್ಲ. 1837ರ ದಂಗೆಯೂ ಅಂಥದೇ. ಕೊಡಗು ಕಂಪೆನಿಯ ಕೈಸೇರಿದ ಮೇಲೆ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ನಗದಾಗಿ ಕೇಳತೊಡಗಿದರು. ಸುಗ್ಗಿಯ ಹೊತ್ತಿಗೆ ಎಲ್ಲರೂ ಒಟ್ಟಿಗೆ ಭತ್ತ ಮಾರಿದರೆ ಬೆಲೆ ಏನಾಗುತ್ತದೆಂದು ತಾವೇ ಬಲ್ಲಿರಿ. ದಂಗೆಕೋರರು ಬಂಟ್ವಾಳವನ್ನು ದಾಟಿ ಮಂಗಳೂರನ್ನು ಹಿಡಿದು ಕೆಲವು ದಿನ ಆಳಿದರು.

ಕಟ್ಟ ಹೋದ ಮೇಲೆ

ನೇತ್ರಾವತಿ ಕೊಡುವವಳೂ ಹೌದು, ಕಸಿಯುವವಳೂ ಹೌದು. 1923ರ ನೆರೆಗೆ ಜನ ಮಾರಿಬೊಳ್ಳ ಎಂದೇ ಹೆಸರಿಟ್ಟರು. 1974ರಲ್ಲಿ ಬಂಟ್ವಾಳ ಪೇಟೆ ಮತ್ತೆ ಮುಳುಗಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಬುಡದ ಹಳ್ಳಗಳು ಮರದ ದಿಮ್ಮಿಗಳನ್ನೂ ಮರಳನ್ನೂ ತಂದು ಬೆಳ್ತಂಗಡಿ ತಾಲ್ಲೂಕಿನ ಗದ್ದೆ ತೋಟಗಳ ಮೇಲೆ ಹೇರಿದವು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲೇ ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುತ್ತದೆ.

ಹಿಂದೆ ಇದಕ್ಕೆ ಕಟ್ಟಗಳಿದ್ದವು. ಮಳೆ ಮುಗಿದು ತೋಡಿನ ಹರಿವು ಇಳಿದಾಗ, ನವೆಂಬರ್ ಡಿಸೆಂಬರಿನಲ್ಲಿ, ಊರವರೆಲ್ಲ ಕೂಡಿ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರ ಬಳಸಿ ತೋಡಿಗೆ ಅಡ್ಡಲಾಗಿ ಒಡ್ಡು ಕಟ್ಟುತ್ತಿದ್ದರು. ಮುಂದಿನ ಮಳೆಗೆ ಅದನ್ನು ಬಿಡಿಸಿಬಿಡುತ್ತಿದ್ದರು. ಒಂದೇ ತೋಡಿಗೆ ಮೇಲಿಂದ ಕೆಳಗೆ ಹಲವು ಕಟ್ಟ. ಕೊಳಕೆ ಬೆಳೆ ನಿಂತದ್ದು ಇವುಗಳ ಮೇಲೆ. ಲೆಕ್ಕ ನೋಡಿ: ಒಂದು ಎಕರೆ ಗದ್ದೆಯಲ್ಲಿ ಎರಡು ಅಂಗುಲ ನೀರು ನಿಂತರೆ ಸುಮಾರು ಎರಡು ಲಕ್ಷ ಲೀಟರು. ಅದರಲ್ಲಿ ಒಂದು ಪಾಲು ದಿನದಿನವೂ ಇಂಗಿ ನೆರೆಯ ಬಾವಿಗಳಿಗೆ ಸೇರುತ್ತಿತ್ತು.

1974ರ ಭೂಸುಧಾರಣೆಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ಅದು ಈ ಜಿಲ್ಲೆಯ ಬಾಳನ್ನೇ ಬದಲಿಸಿದ ಒಳ್ಳೆಯ ಕೆಲಸ. ಆದರೆ ಮುಂದೆ ಕೂಲಿಯಾಳು ದುರ್ಲಭವಾಗಿ, ಭತ್ತಕ್ಕೆ ಖರ್ಚೂ ಹುಟ್ಟದಾಗಿ, ಗದ್ದೆಗಳು ಅಡಿಕೆ ತೋಟಗಳಾದವು. ಹೀಗೆ ಮಾಡಿದ ರೈತನನ್ನು ನಾನು ದೂರುವುದಿಲ್ಲ. ನಷ್ಟದ ಬೆಳೆಯನ್ನು ಸಂಪ್ರದಾಯದ ಹೆಸರಿನಲ್ಲಿ ಮಾಡಿ ಎನ್ನುವುದು ಸಂಬಳ ಎಣಿಸುವವರಿಗೆ ಸುಲಭ. ಕೊಳಕೆ ನಿಂತಿತು, ಕೊಳಕೆಯೊಡನೆ ಕಟ್ಟವೂ ನಿಂತಿತು, ಕೊಳವೆಬಾವಿ ಬಂತು. ನೀರಿನ ವಿಷಯದಲ್ಲಿ ಈ ನಾಡಿನವರಿಗೆ ಛಲವೇನೂ ಕಡಿಮೆಯಿಲ್ಲ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಬ್ಬಂಟಿಯಾಗಿ ಬೋಳುಗುಡ್ಡದಲ್ಲಿ ಸುರಂಗ ತೋಡಿ, ಹಲವು ಬಾರಿ ಸೋತು, ಕೊನೆಗೆ ನೀರು ತಂದು ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಕಾಸರಗೋಡಿನ ಏತಡ್ಕದಲ್ಲಿ ಊರವರು ಕೂಡಿ ಕಟ್ಟಗಳ ಸರಣಿಯನ್ನೇ ಉಳಿಸಿಕೊಂಡು ಬಂದದ್ದೂ ಕಣ್ಣೆದುರಿಗಿದೆ. ಇಂದು ಹಾಳೆಯಂಥ ಪ್ಲಾಸ್ಟಿಕ್ ಟಾರ್ಪಾಲು, ಮರಳುಚೀಲ ಬಳಸಿ ಹಿಂದಿಗಿಂತ ಕಡಿಮೆ ಆಳಿನಲ್ಲಿ ಕಟ್ಟ ಕಟ್ಟಬಹುದು. ತೋಟಕ್ಕೂ ಅದರ ನೀರೇ ಬೇಕಲ್ಲ.

ಕಟ್ಟ ಎಲ್ಲಿ ಕಟ್ಟಬೇಕು ಎಂಬುದಕ್ಕೆ ದೊಡ್ಡ ಸಮೀಕ್ಷೆ ಬೇಡ. ಹಿಂದೆ ಕಟ್ಟಿದ ಜಾಗ ಹಿರಿಯರಿಗೆ ಗೊತ್ತಿರುತ್ತದೆ, ಪಕ್ಕದ ಗದ್ದೆಯ ಹೆಸರಿನಲ್ಲೂ ಸೇರಿರುತ್ತದೆ. ಆದುದರಿಂದ ತಾವು ಒಂದು ಪುಸ್ತಕದಲ್ಲಿ ಸರ್ವೆ ನಂಬರಿನ ಎದುರಿಗೆ ಗದ್ದೆಯ ಹೆಸರು, ಅಲ್ಲಿ ಆಗುತ್ತಿದ್ದ ಬೆಳೆ, ನೀರು ಬರುತ್ತಿದ್ದ ದಾರಿ ಇಷ್ಟನ್ನು ಬರೆದಿಡಿ. ಬೈಲು ಗದ್ದೆಯಲ್ಲಿ ಅಡಿಕೆ ಇಡುವುದೇ ಆದರೆ ಮೊದಲು ಆಳವಾದ ಬಸಿಗಾಲುವೆ ತೆಗೆಯಿರಿ. ಆಟಿಯ ಮಳೆಯಲ್ಲಿ ಬೇರು ನೀರಲ್ಲಿ ನಿಂತರೆ ಮರ ಹಳದಿಯಾಗುವುದು ಖಂಡಿತ. ಮಣ್ಣು ಪರೀಕ್ಷೆಗೆ ಮಾದರಿ ಕಳಿಸುವಾಗ ಚೀಟಿಯಲ್ಲಿ ಬೈಲು, ಮಜಲು, ಬೆಟ್ಟು ಯಾವುದೆಂದು ನಮೂದಿಸಿ. ನಮ್ಮ ಶಿಫಾರಸು ಅದರಿಂದ ನಿಖರವಾಗುತ್ತದೆ.

ನನಗೆ ಪಾಠ ಕಲಿಸಿದ ಹಿರಿಯರು ಈಗಿಲ್ಲ. ಹೋದ ವರ್ಷ ಅವರ ಮೊಮ್ಮಗನನ್ನು ಕಂಡೆ. ಕೆಳಗಿನ ಎರಡು ಗದ್ದೆಗಳಲ್ಲಿ ತೋಟ ಮಾಡಿದ್ದಾನೆ, ಬಾಕಿಮಾರಿನಲ್ಲಿ ಮಾತ್ರ ಮನೆಗೆ ಬೇಕಾದಷ್ಟು ಕಜೆ ಅಕ್ಕಿಯ ಭತ್ತ ಬೆಳೆಯುತ್ತಾನೆ. ನನ್ನ ಮಾತಿನಂತೆ ಅಜ್ಜಿಯನ್ನು ಕೇಳಿ ಹೆಸರುಗಳನ್ನು ಬರೆದುಕೊಂಡಿದ್ದ, ಒಟ್ಟು ಹತ್ತೊಂಬತ್ತು. ಪಹಣಿಯಲ್ಲಿ ನಾಲ್ಕೇ ನಂಬರು. ಎರಡು ಹೆಸರುಗಳ ಅರ್ಥ ಅಜ್ಜಿಗೂ ನೆನಪಿರಲಿಲ್ಲ. ತೋಡಿನ ಆಚೆಯ ಮನೆಯ ಅಕ್ಕನಿಗೆ ಗೊತ್ತಿರಬಹುದು, ಅವರಿಗೆ ಈಗ ಕಿವಿ ಕೇಳುವುದಿಲ್ಲ, ಹತ್ತಿರ ಕೂತು ಕೇಳಬೇಕು ಎಂದ. ಮಳೆ ನಿಂತ ಮೇಲೆ ಇಬ್ಬರೂ ಹೋಗುವುದೆಂದು ಮಾತಾಗಿದೆ.