ಮೊದಲನೆಯ ಮೋಟಾರು ಸೈಕಲ್ಲು

ಕಲಬುರಗಿಯಿಂದ ಆಳಂದದ ದಾರಿಯಲ್ಲಿ, ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಓದುವ ಮಗನೋ ಮಗಳೋ ಮೋಟಾರು ಸೈಕಲ್ಲಿಗೆ ಹಟ ಹಿಡಿದರೆ ತಂದೆ ಕೇಳುವುದು ಬೆಲೆಯನ್ನು, ಮಕ್ಕಳು ಕೇಳುವುದು ವೇಗವನ್ನು. ಆಸನದ ಎತ್ತರವನ್ನು ಯಾರೂ ಕೇಳುವುದಿಲ್ಲ! ಕುಳಿತಾಗ ಎರಡು ಪಾದಗಳೂ ನೆಲಕ್ಕೆ ಊರಬೇಕು. ಮಳೆಗಾಲದಲ್ಲಿ ಈ ಸೀಮೆಯ ಎರೆಮಣ್ಣು ಡಾಂಬರಿಗೆ ಮೆತ್ತಿತೆಂದರೆ ಎಣ್ಣೆ ಸವರಿದಂತೆ ಜಾರುತ್ತದೆ. ಭಾರವಾದ ಗಾಡಿ ವಾಲಿದರೆ ಹೊಸಬರ ಕೈಗೆ ನಿಲ್ಲದು. ಆದುದರಿಂದ 100ರಿಂದ 125 ಸಿ.ಸಿ. ಸಾಕು. ಮೈಸೂರಿನಲ್ಲಿ 1961ರಿಂದ ತಯಾರಾದ 250 ಸಿ.ಸಿ. ಜಾವಾ ಓಡಿಸಿದ ಅಜ್ಜಂದಿರು ನಗಬಹುದು, ನಗಲಿ. ದೊಡ್ಡದೇ ಬೇಕೆಂದು ಹಳೆಯದನ್ನು ಕೊಳ್ಳುವವರು ಚಕ್ರ ಕಚ್ಚಿ ನಿಲ್ಲದಂತೆ ಕಾಯುವ ಎ.ಬಿ.ಎಸ್. ಬ್ರೇಕು ಇದೆಯೇ ನೋಡಿಕೊಳ್ಳಿರಿ, 125 ಸಿ.ಸಿ. ಮೀರಿದವುಗಳಿಗೆ ಅದು ಕಡ್ಡಾಯವಾದದ್ದು 2019ರಲ್ಲಿ. ಹೆಲ್ಮೆಟ್ಟಿನ ಹಣವನ್ನು ಗಾಡಿಯ ಬೆಲೆಯೊಳಗೇ ಸೇರಿಸಿರಿ. ಹಿಂದೆ ಕೂರುವ ತಂಗಿಗೂ ಒಂದು.