ದೂರದ ಯುದ್ಧ, ಮನೆಯೊಳಗಿನ ತಳಮಳ

ಗುಂಡ್ಲುಪೇಟೆಯಿಂದ ಉಕ್ರೇನ್ ಎಷ್ಟು ದೂರ? ಭೂಪಟ ಬಿಡಿಸಿ ನೋಡಿದರೆ ಸಾವಿರಾರು ಮೈಲಿ. ಆದರೆ 2022ರ ಫೆಬ್ರವರಿ 24ರಂದು ಅಲ್ಲಿ ಯುದ್ಧ ಶುರುವಾದಾಗ ಅದು ನೇರವಾಗಿ ನಮ್ಮ ಎದುರುಮನೆಯ ನಡುಮನೆಗೇ ಬಂದು ಕೂತಿತು. ಆ ಮನೆಯ ಒಬ್ಬನೇ ಮಗ ಖಾರ್ಕಿವ್ ನಗರದಲ್ಲಿ ಡಾಕ್ಟರಿಕೆ ಓದುತ್ತಿದ್ದ.

ಮಾರನೆಯ ದಿನ ನಾನು ಹೆಪ್ಪಿಗೆಂದು ಮೊಸರು ಕೇಳಲು ಹೋದೆ. ಒಲೆ ಹಚ್ಚಿರಲಿಲ್ಲ. ತಲೆ ಬಾಚಿರಲಿಲ್ಲ. ಆಕೆ ಟಿವಿಯ ಮುಂದೆ ಕೂತಿದ್ದರು. ಉರಿಯುವ ಕಟ್ಟಡವೊಂದನ್ನು ಹತ್ತನೇ ಸಲವೋ ಹನ್ನೊಂದನೇ ಸಲವೋ ತೋರಿಸುತ್ತಿದ್ದರು. “ಅಕ್ಕಾ, ಇದು ನಮ್ಮ ಹುಡುಗ ಇರೋ ಬೀದೀನೇ ಇರಬೇಕು, ಅಲ್ವಾ?” ಎಂದರು. ನಾನೇನು ಹೇಳಲಿ? “ಎರಡು ತುತ್ತು ಊಟ ಮಾಡಿ” ಎಂದೆ. “ಅನ್ನ ಗಂಟಲಲ್ಲಿ ಇಳಿಯೋದೇ ಇಲ್ಲ ಕಣಕ್ಕ” ಎಂದು ಕಣ್ಣೊರೆಸಿಕೊಂಡರು.

ಮಾರ್ಚ್ 1ರಂದು ಕೆಟ್ಟ ಸುದ್ದಿ ಬಂತು. ಹಾವೇರಿ ಜಿಲ್ಲೆ ಚಳಗೇರಿಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಗೆ ಹೋಗಿದ್ದಾಗ ದಾಳಿಗೆ ಸಿಕ್ಕಿ ತೀರಿಕೊಂಡಿದ್ದ. ಅಂದು ರಾತ್ರಿ ಈಕೆ ಟಿವಿ ಮುಂದೆಯೇ ಕುಸಿದು ಬಿದ್ದರು. ಮೈದುನನ ಕಾರಿನಲ್ಲಿ ತೆರಕಣಾಂಬಿ ದಾರಿ ಹಿಡಿದು ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: “ಬಿಪಿ ಮಾತ್ರೆ ನಿಲ್ಲಿಸಿ ಎಷ್ಟು ದಿನ ಆಯ್ತಮ್ಮ?” ಆರು ದಿನ! ಆಕೆಗೇ ಅದರ ಅರಿವಿರಲಿಲ್ಲ. “ಮಗ ಬಂದಾಗ ಬಾಗಿಲು ತೆಗೆಯೋಕೆ ನೀವು ಇರಬೇಕು ತಾನೇ?” ಎಂದರು ಡಾಕ್ಟರು.

ಸೋದರಿಯರೇ, ಇದು ಒಂದು ಮನೆಯ ಕಥೆಯಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ, ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನರೂ ಅಲ್ಲಿ ಸಿಕ್ಕಿಬಿದ್ದರು. ಇಸ್ರೇಲಿನಲ್ಲಿ ವೃದ್ಧರ ಆರೈಕೆಗೆ ನಿಂತ ಕರಾವಳಿಯ ಹೆಣ್ಣುಮಕ್ಕಳಿದ್ದಾರೆ. ಕೊಲ್ಲಿ ದೇಶಗಳಲ್ಲಿ ದುಡಿಯುವವರಂತೂ ಸರಿಯೇ ಸರಿ. ಎಲ್ಲೋ ಬಾಂಬು ಬಿದ್ದರೆ ಇಲ್ಲಿ ಯಾವುದೋ ತಾಯಿಯ ಎದೆ ನಡುಗುತ್ತದೆ. ಹಾಗಾದರೆ ನಾವು ಏನು ಮಾಡಬೇಕು?

ಸುದ್ದಿಗೂ ಹೊತ್ತು ಗೊತ್ತು ಇರಲಿ

ನಮ್ಮ ಅತ್ತೆ ಹೇಳುತ್ತಿದ್ದರು: 1971ರ ಡಿಸೆಂಬರ್ ಯುದ್ಧದಲ್ಲಿ ರೇಡಿಯೋ ವಾರ್ತೆಯ ಹೊತ್ತಿಗೆ ಬೀದಿಯವರೆಲ್ಲ ಒಂದೇ ಜಗಲಿಯಲ್ಲಿ ಸೇರುತ್ತಿದ್ದರಂತೆ. ವಾರ್ತೆ ಮುಗಿದರೆ ರೇಡಿಯೋ ಬಂದ್, ಎಲ್ಲರೂ ಅವರವರ ಕೆಲಸಕ್ಕೆ. ಹದಿಮೂರು ದಿನ ಹಾಗೆಯೇ ಕಳೆದರು. ಈಗಿನ ಟಿವಿ, ಫೋನುಗಳಿಗೆ ಮುಗಿಯುವುದೇ ಗೊತ್ತಿಲ್ಲ, ಮುಗಿಸಬೇಕಾದವರು ನಾವೇ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಸಾಕು. ಮಲಗುವ ಮುಂಚೆ ಖಂಡಿತ ಬೇಡ. ಮಕ್ಕಳು ಊಟಕ್ಕೆ ಕೂತಾಗ ಟಿವಿ ಆರಿಸಿ. ಅವರು ಕೇಳಿದರೆ, “ಜಗಳ ತುಂಬಾ ದೂರದಲ್ಲಿ ನಡೀತಿದೆ, ಅಣ್ಣನನ್ನು ಕರೆತರೋಕೆ ದೊಡ್ಡವರು ಪ್ರಯತ್ನ ಮಾಡ್ತಿದ್ದಾರೆ” ಎಂದು ಇದ್ದದ್ದನ್ನು ಇದ್ದಷ್ಟೇ ಹೇಳಿ.

ಗಾಳಿಸುದ್ದಿಗೆ ಜರಡಿ ಹಿಡಿಯಿರಿ

ರಾಗಿಹಿಟ್ಟನ್ನು ಜರಡಿ ಹಿಡಿಯದೆ ಬಳಸುತ್ತೇವೆಯೇ? ವಾಟ್ಸ್ಆ್ಯಪ್ ಸುದ್ದಿಗೂ ಹಾಗೆಯೇ. ಯಾರು ಹೇಳಿದ್ದು, ಯಾವತ್ತಿನದು, ಯಾವ ಊರಿನದು? ಈ ಮೂರಕ್ಕೆ ಉತ್ತರವಿಲ್ಲದ್ದನ್ನು ಮುಂದಕ್ಕೆ ಕಳಿಸಬೇಡಿ. ಹಳೆಯ ಯುದ್ಧದ ಚಿತ್ರ ಹೊಸದಾಗಿ ಓಡಾಡುವುದು ಎಷ್ಟೋ ಸಲ. “ಈ ದಾರೀಲಿ ಹೋಗಿ, ಗಡಿ ತೆರೆದಿದೆ” ಎಂಬಂಥ ಸಂದೇಶವನ್ನಂತೂ ಅಲ್ಲಿರುವ ಮಕ್ಕಳಿಗೆ ಕಳಿಸಲೇಬೇಡಿ; ಜೀವಕ್ಕೇ ಅಪಾಯ. ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿ ಹೇಳಿದ್ದೇ ದಾರಿ.

ಫೋನ್ ಮಾಡುವ ಮುನ್ನ

ಎದುರುಮನೆಯ ಹುಡುಗ ಮೆಟ್ರೋ ನಿಲ್ದಾಣದ ನೆಲಮಾಳಿಗೆಯಲ್ಲಿದ್ದ. ಒಮ್ಮೆ ಹೇಳಿಯೇಬಿಟ್ಟ: “ಅಮ್ಮ, ನೀನು ಅಳ್ತಾ ಇದ್ರೆ ನನ್ನ ಫೋನಿನ ಚಾರ್ಜ್ ಮುಗಿಯುತ್ತೆ.” ಆಮೇಲೆ ತಾಯಿ ಮಗ ಒಂದು ಒಪ್ಪಂದಕ್ಕೆ ಬಂದರು. ದಿನಕ್ಕೆ ಎರಡು ಸಲ ಅವನಿಂದ ಎರಡೇ ಪದ: “ಕ್ಷೇಮ, ಊಟ ಆಯ್ತು.” ಇವರಿಂದಲೂ ಅಷ್ಟೇ: “ಮಾತ್ರೆ ತಗೊಂಡೆ.”

ಗಡಿಯಾರವನ್ನೂ ನೋಡಿ. ನಮಗೆ ಬೆಳಿಗ್ಗೆ 6 ಗಂಟೆಯಾದರೆ ದುಬೈಯಲ್ಲಿ 4.30, ಕುವೈತ್, ಕತಾರ್‌ನಲ್ಲಿ 3.30. ಚಳಿಗಾಲದಲ್ಲಿ ಉಕ್ರೇನಿನಲ್ಲಿ ಇನ್ನೂ 2.30. ನಿದ್ದೆ ಸಿಕ್ಕ ಮಗುವನ್ನು ಎಬ್ಬಿಸಬೇಡಿ. ಹತ್ತು ಜನ ನೆಂಟರು ಫೋನ್ ಮಾಡುವ ಬದಲು ಒಬ್ಬರು ಮಾಡಿ ಉಳಿದವರಿಗೆ ತಿಳಿಸಲಿ. ಪಾಸ್‌ಪೋರ್ಟ್, ವೀಸಾದ ನಕಲು, ಅಲ್ಲಿಯ ವಿಳಾಸ, ರಾಯಭಾರ ಕಚೇರಿಯ ನಂಬರು ಒಂದು ಕವರಿನಲ್ಲಿ ಬೀರುವಿನಲ್ಲಿರಲಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಹೆಸರು ಬರೆಸುವಾಗ ಅದೇ ಬೇಕಾಗುತ್ತದೆ.

ಹೊಟ್ಟೆ ಬರಿದಾಗಿಸಬೇಡಿ

ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದ್ದವರನ್ನು ಸುಡುತ್ತದೆ. ಅನ್ನ ಇಳಿಯದಿದ್ದರೆ ರಾಗಿ ಅಂಬಲಿ ಇಳಿಯುತ್ತದೆ. ಎರಡು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಎರಡು ಲೋಟ ಕುದಿಯುವ ನೀರಿಗೆ ಹುಯ್ದು, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈಯಾಡಿಸಿ. ಆರಿದ ಮೇಲೆ ಮಜ್ಜಿಗೆ, ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು. ಬಿಪಿ ಇದ್ದವರು ಉಪ್ಪು ಕಡಿಮೆ ಮಾಡಿ. ಬಿಪಿ, ಸಕ್ಕರೆ ಮಾತ್ರೆಗಳನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.

ಇನ್ನೊಂದು ಮಾತು. ಆಗ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತ್ತಲ್ಲ, ನೆನಪಿದೆಯೇ? ಭಾರತ ಹೊರಗಿನಿಂದ ತರಿಸುತ್ತಿದ್ದ ಆ ಎಣ್ಣೆಯಲ್ಲಿ ಬಹುಪಾಲು ಉಕ್ರೇನಿನದಾಗಿತ್ತು. ನಮ್ಮ ಗುಂಡ್ಲುಪೇಟೆ ರಸ್ತೆ ಬದಿಯ ಸೂರ್ಯಕಾಂತಿ ಹೊಲದಲ್ಲಿ ಕೇರಳದವರು ಫೋಟೋ ತೆಗೆಸಿಕೊಳ್ಳುತ್ತಾರೆ; ನಾವೋ ಗಾಬರಿಯಲ್ಲಿ ಡಬ್ಬಗಟ್ಟಲೆ ಎಣ್ಣೆ ತಂದಿಟ್ಟೆವು! ಎಲ್ಲರೂ ಹಾಗೆ ತುಂಬಿಟ್ಟರೆ ಬೆಲೆ ಇನ್ನೂ ಏರುತ್ತದೆ. ತಿಂಗಳಿಗೆ ಬೇಕಾದಷ್ಟೇ ತನ್ನಿ. ಒಂದು ವಾರ ಕರಿದ ತಿಂಡಿ ಬಿಟ್ಟು ಇಡ್ಲಿ, ಕಡುಬು ಮಾಡಿದರೆ ನಷ್ಟವೇನು?

ನೆರೆಯವರಾಗಿ ನಾವು

ನೊಂದ ಮನೆಗೆ ಹೋಗಿ “ಏನಾದ್ರೂ ಸುದ್ದಿ ಬಂತಾ?” ಎಂದು ಗಂಟೆಗೊಮ್ಮೆ ಕೇಳಬೇಡಿ. ಕ್ಯಾರಿಯರ್‌ನಲ್ಲಿ ಬಿಸಿ ಅನ್ನ, ತಿಳಿಸಾರು ಕೊಂಡೊಯ್ಯಿರಿ. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬನ್ನಿ. ಸುಮ್ಮನೆ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸಿ. ಕೈಗೆ ಕೆಲಸವಿದ್ದರೆ ಮನಸ್ಸು ತುಸು ನಿಲ್ಲುತ್ತದೆ. ಎರಡು ವಾರವಾದರೂ ನಿದ್ದೆ ಬಾರದೆ, ಎದೆ ಡವಡವ ಎನ್ನುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಸರಕಾರದ ‘ಟೆಲಿ ಮನಸ್’ 14416ಕ್ಕೆ ಫೋನ್ ಮಾಡಿದರೆ ಹಗಲೂ ರಾತ್ರಿ ಪುಕ್ಕಟೆಯಾಗಿ ಮಾತಾಡುತ್ತಾರೆ. “ಜೀವವೇ ಬೇಡ” ಎಂಬ ಮಾತು ಯಾರ ಬಾಯಿಂದ ಬಂದರೂ ಎರಡು ವಾರ ಕಾಯಬೇಡಿ, ಆಗಲೇ ಮಾಡಿ. ಇದರಲ್ಲಿ ನಾಚಿಕೆಯೇನೂ ಇಲ್ಲ.

ಆ ಹುಡುಗ ಏನಾದ ಎಂದಿರಾ? ‘ಆಪರೇಷನ್ ಗಂಗಾ’ದ 90 ವಿಮಾನಗಳಲ್ಲಿ ಒಂದರಲ್ಲಿ ಅವನೂ ಬಂದ. ಆ ದಿನಗಳಲ್ಲಿ ಸುಮಾರು 22,500 ಭಾರತೀಯರು ಹಾಗೆ ಮನೆ ಸೇರಿದರು. ಬಾಗಿಲು ತೆಗೆದದ್ದು ತಾಯಿಯೇ. ಎಲ್ಲ ತಾಯಂದಿರಿಗೂ ಆ ಭಾಗ್ಯ ಸಿಗಲಿಲ್ಲ. ಚಳಗೇರಿಯ ಆ ಮನೆಯನ್ನು ನಾವು ಮರೆಯುವಂತಿಲ್ಲ. ಎದುರುಮನೆಯ ಟಿವಿಯ ಮೇಲೆ ಈಗಲೂ ಒಂದು ಚೀಟಿ ಅಂಟಿಸಿದೆ, ಮಗನ ಕೈಬರಹದಲ್ಲಿ: “ಮೊದಲು ಮಾತ್ರೆ, ಆಮೇಲೆ ಟಿವಿ.”

ನಮ್ಮ ನಮ್ಮ ಮನೆಯಲ್ಲೂ ಅಂಥದೊಂದು ಚೀಟಿ ಇರಲಿ, ಅಲ್ಲವೇ?