ಕರದಂಟಿನ ಅಂಟು ಯಾವುದು? ಕೇಳಿದವರಿಗೆ ಉತ್ತರ ಕೊಡುವವರು ಯಾರು?

ನಮ್ಮ ಮದರಸದ ಮಗುವೊಂದರ ತಂದೆ ಈಚೆಗೆ ಒಂದು ಪ್ರಶ್ನೆ ಹಿಡಿದುಕೊಂಡು ಬಂದರು. ಹೆರಿಗೆಯಾದ ಮಗಳಿಗೆ ಗೋಕಾಕದ ಕರದಂಟು ತರಿಸಬೇಕಿತ್ತು. "ಉಸ್ತಾದ್, ಅದಕ್ಕೆ ಅಂಟು ಹಾಕ್ತಾರಂತೆ. ಅದು ಮರದ್ದಾ, ಪ್ರಾಣಿಯದ್ದಾ?"

ಮರದ್ದೇ ಎಂದೆವು. ಜಾಲಿ ಜಾತಿಯ ಮರಗಳಿಂದ ಒಸರುವ ಅಂಟನ್ನು ಕರಿದು, ಬೆಲ್ಲ, ಒಣ ಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ ಸೇರಿಸಿ ಮಾಡುವ ಸಿಹಿ ಅದು. ಕರಿದ ಅಂಟು, ಹಾಗಾಗಿ ಕರದಂಟು. ಆದರೆ ಕರಿದದ್ದು ತುಪ್ಪದಲ್ಲೋ ಡಾಲ್ಡಾದಲ್ಲೋ ಎಂಬುದನ್ನು ಮಾಡಿದವರೇ ಹೇಳಬೇಕು.

ಅವರು ಎರಡು ಅಂಗಡಿಗಳ ವೆಬ್‌ಸೈಟಿನಲ್ಲಿ ಕೇಳಿದರು. ಒಂದರಲ್ಲಿ ಚಂದದ ಚಾಟ್ ಪೆಟ್ಟಿಗೆ ಇತ್ತು. "ಶೀಘ್ರ ಸಂಪರ್ಕಿಸುತ್ತೇವೆ" ಎಂದು ಯಂತ್ರ ಹೇಳಿತು, ನಾಲ್ಕು ದಿನ ಯಾರೂ ಬರಲಿಲ್ಲ. ಇನ್ನೊಂದರಲ್ಲಿ ಬರೀ ವಾಟ್ಸ್‌ಆ್ಯಪ್ ಗುಂಡಿ. ಅದೇ ಸಂಜೆ ಪೊಟ್ಟಣದ ಹಿಂಬದಿಯ ಫೋಟೋ ಬಂತು, ಏನೇನು ಹಾಕಿದೆ ಎಂಬ ಪಟ್ಟಿ ಸಮೇತ. ಆರ್ಡರ್ ಯಾರಿಗೆ ಹೋಯಿತು ಎಂದು ಹೇಳಬೇಕಾಗಿಲ್ಲ. ಬೆಲೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಇತ್ತು.

ಗೋಕಾಕ, ಮೂಡಲಗಿ, ಹುಕ್ಕೇರಿ ನಮಗೆ ದೂರದ ಊರುಗಳು. ಘಟಪ್ರಭೆಯ ನೀರು ಕುಡಿದ ಕಬ್ಬಿನ ಸೀಮೆ. ಅಲ್ಲಿಯ ಬೆಲ್ಲಕ್ಕೆ ಬಣ್ಣ ಬರಲು ಏನು ಹಾಕಿದ್ದಾರೆ ಎಂದು ನಮ್ಮ ಮನೆಯವರು ಕೇಳುತ್ತಾರೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮೆಣಸಿಗೆ ಖಾರ ಜಾಸ್ತಿ. ಕೋರಿ ಗಸಿಗೆ ಬ್ಯಾಡಗಿ ಹಾಕುವ ಅಳತೆಯಲ್ಲೇ ಅದನ್ನೂ ಹಾಕಿದರೆ ಮಕ್ಕಳು ಊಟ ಬಿಟ್ಟು ಏಳಬೇಕಾದೀತು. ಅಂಗಡಿಯ ಎದುರು ನಿಂತಿದ್ದರೆ ಬಾಯಿಬಿಟ್ಟು ಕೇಳುತ್ತಿದ್ದೆವು, ಒಂದು ಚೂರು ತಿಂದು ನೋಡುತ್ತಿದ್ದೆವು. ದೂರದ ಗಿರಾಕಿಗೆ ಆ ಪ್ರಶ್ನೆಯ ಪೆಟ್ಟಿಗೆಯೇ ಅಂಗಡಿಯ ಬಾಗಿಲು.

ಇದು ನಮಗೂ ಪಾಠ. 'ಬ್ಯಾರ' ಎಂದರೆ ವ್ಯಾಪಾರ, ಅದರಿಂದಲೇ ನಮಗೆ ಬ್ಯಾರಿ ಎಂಬ ಹೆಸರು ಬಂತು ಎನ್ನುವವರು ಉಂಟು. ಈಗ ನಮ್ಮ ಹುಡುಗರು ಅತ್ತರು, ಬಟ್ಟೆ, ಖರ್ಜೂರವನ್ನು ವೆಬ್‌ಸೈಟಿನಲ್ಲಿ ಮಾರುತ್ತಿದ್ದಾರೆ. ಹೆಣ್ಣುಮಕ್ಕಳು ಮನೆಯಲ್ಲೇ ಉಪ್ಪಿನಕಾಯಿ, ಕೇಕ್ ಮಾಡಿ ಆರ್ಡರ್ ಹಿಡಿಯುತ್ತಾರೆ. ಅವರಿಗೆ ನಾಲ್ಕು ಮಾತು.

ಒಂದು, 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಉಚಿತ. ಸಾಮಾನಿನ ಫೋಟೋ, ಬೆಲೆ ಅದರಲ್ಲೇ ಇಡಬಹುದು. ಪದೇಪದೇ ಬರುವ ಪ್ರಶ್ನೆಗೆ ಉತ್ತರ ಮೊದಲೇ ಬರೆದಿಡಬಹುದು. ಮನೆಯಿಂದ ಮಾರುವವರು ಇದಕ್ಕೆ ಬೇರೆ ನಂಬರ್ ಇಟ್ಟುಕೊಳ್ಳಿ, ಸ್ವಂತ ನಂಬರ್ ಊರಿಗೆಲ್ಲ ಹಂಚಬೇಡಿ.

ಎರಡು, ಮೂರು ಮಂದಿ ಒಂದೇ ಪ್ರಶ್ನೆ ಕೇಳಿದರೆ ಅದರ ಉತ್ತರ ಸಾಮಾನಿನ ಫೋಟೋದ ಕೆಳಗೇ ಇರಲಿ. ನಾಲ್ಕನೆಯವರು ಕೇಳದೆಯೇ ಕೊಳ್ಳುತ್ತಾರೆ.

ಮೂರು, ಸ್ಟಾರ್ ಹಾಕುವ ಜಾಗದಲ್ಲಿ ಭಾವ, ಮೈದುನರಿಂದ ಹೊಗಳಿಕೆ ಬರೆಸಬೇಡಿ. ಮಾರುವವನೇ ಗಿರಾಕಿಯ ವೇಷ ಹಾಕಿ ಅಭಿಪ್ರಾಯ ಬರೆಯುವುದನ್ನು 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮ ತಡೆಯುತ್ತದೆ. ಕಾನೂನು ಬಿಡಿ, ಅದು ಸುಳ್ಳು ಸಾಕ್ಷಿ. ತಕ್ಕಡಿ ಸರಿ ಇಟ್ಟು ಮಾತಿನಲ್ಲಿ ತೂಕ ತಪ್ಪಿದರೂ ಮೋಸ ಮೋಸವೇ. ಒಬ್ಬರು "ಕೇಕ್ ಒಣಗಿತ್ತು" ಎಂದು ಬರೆದರೆ ಅಳಿಸಬೇಡಿ. ತಪ್ಪಾಗಿದ್ದರೆ ಒಪ್ಪಿ, ಅಲ್ಲೇ ಕೆಳಗೆ ಉತ್ತರ ಕೊಡಿ. ಓದುವ ಹತ್ತು ಮಂದಿಗೆ ಅದೇ ಧೈರ್ಯ.

ನಾಲ್ಕು, ದೂರು ಬಂದರೆ 48 ಗಂಟೆಯೊಳಗೆ ಸಿಕ್ಕಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂದು ಅದೇ ನಿಯಮ ಹೇಳುತ್ತದೆ. ಕೊಳ್ಳುವವರಾಗಿ ನೀವು ಮೋಸಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಉಂಟು.

ವೆಬ್‌ಸೈಟ್ ಮಾಡಿಸುವ ಮೊದಲು ಗುಂಡಿಯ ಬಣ್ಣ ಯೋಚಿಸುವುದು ಆಮೇಲೆ ಆಗಲಿ. ಉತ್ತರ ಕೊಡುವವರು ಯಾರು, ಯಾವ ಹೊತ್ತಿಗೆ ಎಂದು ಮನೆಯಲ್ಲಿ ಕೂತು ಮೊದಲು ತೀರ್ಮಾನಿಸಿ. ಅಸರ್ ಆದ ಮೇಲೆ ದಿನಕ್ಕೆ ಅರ್ಧ ಗಂಟೆ ಆದರೂ ಸಾಕು. ಅಷ್ಟೂ ಆಗದಿದ್ದರೆ ಗುಂಡಿ ಇಡಬೇಡಿ ಮಾರಾಯ್ರೆ. ಬಾಗಿಲು ತೆರೆದಿಟ್ಟು ಒಳಗೆ ಯಾರೂ ಇಲ್ಲದ ಅಂಗಡಿಗೆ ಗಿರಾಕಿ ಎರಡನೇ ಸಲ ಬರುವುದಿಲ್ಲ.